ಬೀಗತಿ ಬಂದ ದಿನ ಮನೆಗೆ ಮಾಳಿಗೆ ಇರಲಿಲ್ಲ

ನಮ್ಮ ಮನೆ ಎತ್ತರವಾದದ್ದು ಅಕ್ಕನ ಅತ್ತೆಯ ಒಂದೇ ಮಾತಿಗೆ. ಅಕ್ಕನನ್ನು ಹರಪನಹಳ್ಳಿಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಅವರ ಮನೆಯಲ್ಲಿ ಸೀಮಂತದ ಕುಬುಸ ಮಾಡಿದ ದಿನ ಉಡಿ ತುಂಬಿ ಎಲ್ಲರೂ ಊಟಕ್ಕೆ ಕೂತಾಗ ನಮ್ಮ ಬೀಗತಿ, ಅಂದರೆ ಅಕ್ಕನ ಅತ್ತೆ, ಹೋಳಿಗೆ ಮುರಿಯುತ್ತ ಅಂದರು: "ನಿಮ್ಮ ಮನೆ ರೋಡಿಗಿಂತ ತಗ್ಗಿನಾಗೈತೆ. ಮಳೆ ಬಂದ್ರೆ ಮೋರಿ ನೀರು ಅಡುಗೆಮನೆಗೇ ಬರ್ತೈತೆ. ಬಾಣಂತೀನ ಆ ತೇವದಾಗ ಮಲಗ್ಸಕ್ಕಾಗಲ್ಲ. ಬಾಣಂತನ ನಾವೇ ಮಾಡ್ಕಂತೀವಿ ಬಿಡ್ರಿ."

ಅವ್ವನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ಚೊಚ್ಚಲ ಬಾಣಂತನ ತವರಿನದು. ಅದಕ್ಕಂತ ಅವ್ವ ಆಗಲೇ ಉಂಡೆ ಕಟ್ಟಲು ಅಂಟು, ಕೊಬ್ಬರಿ ತಂದಿಟ್ಟು, ಹಳೆಯ ಸೀರೆಗಳನ್ನೆಲ್ಲ ಹರಿದು ಕೂಸಿನ ಬಟ್ಟೆ ಮಾಡಿಯಾಗಿತ್ತು. ಬಸ್ಸಿನಿಂದ ನಮ್ಮೂರು ಕೊಟ್ಟೂರಲ್ಲಿ ಇಳಿದದ್ದೇ ಅವಳು ಅಪ್ಪನಿಗೆ ಅಂದಳು: "ಮನಿ ಎತ್ತಸ್ರಿ. ಇಲ್ಲಾಂದ್ರ ನನ್ನ ಹೆಣ ಎತ್ರಿ."

ಹಾಗೆ ನೋಡಿದರೆ ನಮ್ಮ ಮನೆ ಎಲ್ಲೂ ಇಳಿದಿರಲಿಲ್ಲ. ರೋಡೇ ಮೇಲೆ ಹೋಗಿತ್ತು. ಡಾಂಬರು ಹಾಕುವವರು ಪ್ರತಿ ಸಲವೂ ಹಳೆಯದರ ಮೇಲೇ ಬಳಿದು ಹೋಗುತ್ತಿದ್ದರು. ನಾನು ಕಾಲೇಜು ಸೇರುವ ಹೊತ್ತಿಗೆ ಬಸ್ಸಿನಲ್ಲಿ ಹೋಗುವವರಿಗೆ ನಮ್ಮ ಮನೆಯ ಸಾರು ಯಾವುದೆಂದು ಕಿಟಕಿಯಿಂದಲೇ ಗೊತ್ತಾಗುತ್ತಿತ್ತು.

ಮೇಸ್ತ್ರಿ ಹಿಂದಿನ ಓಣಿಯ ಸಾಬರು. ನಾವು ಚಾಚಾ ಅನ್ನುತ್ತಿದ್ದೆವು. ಅವರ ಬಾಯಲ್ಲಿ 'ಇಲ್ಲ' ಎಂಬ ಮಾತೇ ಇರಲಿಲ್ಲ. ನೀವು ಏನೇ ಹೇಳಿ, "ಆತ್ರಿ, ಹಂಗ ಮಾಡಾನು" ಅನ್ನುತ್ತಿದ್ದರು. ಇಂಥ ಮೇಸ್ತ್ರಿಯೂ ನಮ್ಮಪ್ಪನೂ ಒಂದು ಕಡೆ ಸೇರಿದರೆ ಏನಾಗಬೇಕೋ ಅದೇ ಆಯಿತು. ಮೊದಲು ಗೋಡೆ ಏರಿಸಿ, ಬಾಗಿಲು ಎತ್ತಿ, ಕೊನೆಗೆ ನೆಲ ತುಂಬಬೇಕು. ಅಷ್ಟು ನನಗೂ ಗೊತ್ತಿತ್ತು. ಆದರೆ ಗರಸುಮಣ್ಣಿನ ಟ್ರ್ಯಾಕ್ಟರು ಬಾಗಿಲಿಗೆ ಬಂದು ನಿಂತಿದೆಯೆಂದು ಅಪ್ಪ ಮೊದಲು ನೆಲವನ್ನೇ ತುಂಬಿಸಿದ. ತಲಬಾಗಿಲು ಎತ್ತುವುದಕ್ಕೆ ಸ್ವಾಮಿಗಳು ಕೊಟ್ಟ ಮುಹೂರ್ತ ಇನ್ನೂ ಮುಂದಿತ್ತು. ಹೀಗಾಗಿ ಒಳಗಿನ ನೆಲ ಬಾಗಿಲಿನ ಸೊಂಟಕ್ಕೆ ಬಂತು. ನಮ್ಮ ಮನೆಗೆ ಯಾರು ಬಂದರೂ ಮಂಡಿಯೂರಿ, ಕೈಯೂರಿ, ನುಸುಳಿ ಬರಬೇಕಾಯಿತು. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬರುವುದನ್ನೇ ಬಿಟ್ಟಳು. ಅದೊಂದು ಲಾಭ.

ಆಮೇಲೆ ಗೋಡೆ ಏರಿಸಲು ಮಾಳಿಗೆ, ಅಂದರೆ ಮೇಲಿನ ಮಣ್ಣಿನ ಚಾವಣಿ, ಬಿಚ್ಚಬೇಕಿತ್ತು. ಅಪ್ಪ ಪಂಚಾಂಗ ನೋಡಿ ಹೇಳಿದ: "ಸ್ವಾತಿ ಮಳಿ ಮುಗೀತು. ಇನ್ನ ಬರೋ ಮಳಿ ಎಲ್ಲಾ ಹಣಿಕಿ ಹಾಕಿ ಹೋಗೋವು. ಬಿಚ್ಚ್ರಿ."

"ಆತ್ರಿ," ಅಂದರು ಚಾಚಾ. ಹಳೆಯ ಮಣ್ಣು ಇಳಿಯಿತು, ಮರದ ಜಂತಿ ಇಳಿದವು. ಮನೆ ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ಕೂತಿತು.

ಅಂದು ಸಂಜೆಯೇ ರೇಡಿಯೋದಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರು. ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕುಬಿಟ್ಟ. "ಹುಚ್ಚಿ, ಬಂಗಾಳಕೊಲ್ಲಿ ಎಲ್ಲೈತಿ, ಕೊಟ್ಟೂರು ಎಲ್ಲೈತಿ! ಅದಕ್ಕ ನಮ್ಮ ಓಣಿ ಯಾರು ತೋರಸ್ತಾರ?"

ಯಾರೂ ತೋರಿಸಬೇಕಾಗಲಿಲ್ಲ. ಬೆಳಗಾಗುವುದರೊಳಗೆ ಮೋಡ ಕವಿದು, ಥಂಡಿ ಗಾಳಿ ಬೀಸಿ, ಜಿಟಿಜಿಟಿ ಹಿಡಿಯಿತು. ಪಂಚಾಂಗದಲ್ಲಿ ಎಲ್ಲ ನಕ್ಷತ್ರಗಳ ಮಳೆಯೂ ಇರುತ್ತದೆ, ಸೈಕ್ಲೋನಿನದು ಮಾತ್ರ ಇರುವುದಿಲ್ಲ ಎಂಬುದು ನಮಗೆ ಆಗ ತಿಳಿಯಿತು. ಚಾಚಾ ತಮ್ಮ ಭಾವಮೈದುನನ ಲಾರಿಯಿಂದ ಒಂದು ತಾಡಪಾಲು ಬಿಚ್ಚಿಕೊಂಡು ಬಂದು ನಡುಮನೆಯ ಮೇಲೆ ಕಟ್ಟಿದರು. ಅದರ ಕೆಳಗೆ ನಾವು, ಪಾತ್ರೆಗಳು, ಜೋಳದ ಚೀಲಗಳು, ಒಲೆ. ಒಂದು ಸೈಕ್ಲೋನು ಹೋಯಿತೆಂದು ಚಾಚಾ ಜಂತಿಗೆ ಕೈ ಹಾಕಿದ್ದೇ ತಡ, ಇನ್ನೊಂದು ಬಂತು.

ಇಷ್ಟಾದರೂ ಬೈಯುವಂತಿಲ್ಲ! ನಮ್ಮ ಕಡೆ ಮಳೆಯನ್ನು ಯಾರೂ ಬೇಡ ಅನ್ನುವುದಿಲ್ಲ. ಕೈಮುಗಿದು ಕರೆದರೂ ಬಾರದ ಮಳೆ ತಾನಾಗಿ ಬಂದಾಗ ಹೋಗು ಅಂದರೆ ಅದು ಮುನಿಸಿಕೊಂಡು ಮತ್ತೆ ಈ ದಿಕ್ಕಿಗೆ ತಲೆ ಹಾಕುವುದಿಲ್ಲ ಎಂದು ನಂಬಿಕೆ. ಅಪ್ಪನಂತೂ ಇದರಲ್ಲಿ ಬಲು ಕಟ್ಟುನಿಟ್ಟು. ಹೊಲದಲ್ಲಿ ಹಿಂಗಾರಿ ಜೋಳ ನೋಡಿ ಹಿಗ್ಗುತ್ತಿದ್ದ. ಮನೆಗೆ ನುಸುಳಿ ಬಂದು ನಮ್ಮ ಮುಖ ನೋಡಿ, "ಯಾರಾರ ಮಳಿ ನಿಲ್ಲಲಿ ಅಂದ್ರ ನೋಡ್ರಿ ಮತ್ತ!" ಅನ್ನುತ್ತಿದ್ದ. ಅವ್ವ ತೊಯ್ದ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಹಲ್ಲು ಕಚ್ಚಿ, "ಬರ್ಲಿ, ಚಲೋ ಆತು" ಅನ್ನುತ್ತಿದ್ದಳು. ಆ 'ಚಲೋ' ಕೇಳಿದರೆ ನನಗೆ ಭಯವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಬೀಗತಿ ಬಂದರು. ನಮ್ಮೂರ ಹತ್ತಿರದ ಉಜ್ಜಿನಿಗೆ ದೇವರಿಗೆ ಹೋದವರು, ಅವ್ವ ಹೇಳಿಕಳಿಸಿದ್ದ ಬಾಣಂತಿ ಕೋಣೆ ಎಷ್ಟರಮಟ್ಟಿಗೆ ಆಗಿದೆ ನೋಡಿಕೊಂಡೇ ಹೋಗೋಣವೆಂದು ನಮ್ಮಲ್ಲಿ ಇಳಿದಿದ್ದರು. ಕೊಡೆ ಹಿಡಿದು ಬಾಗಿಲ ಮುಂದೆ ನಿಂತರು. ಬೀಗತಿ ದೊಡ್ಡ ಆಳು. ಬಾಗಿಲನ್ನು ಒಮ್ಮೆ ನೋಡಿದರು, ತಮ್ಮನ್ನು ಒಮ್ಮೆ ನೋಡಿಕೊಂಡರು.

"ಎಲ್ಲಿಂದ ಬರಬೇಕು ಒಳಗೆ?"

"ಹಿಂಗ ಬರ್ರಿ ಬೀಗ್ರೇ, ತಲಿ ಜ್ವಾಕಿ," ಎಂದು ಅಪ್ಪ ಒಳಗಿನಿಂದ ಕೈ ಕೊಟ್ಟ. ಅವ್ವ ಇನ್ನೊಂದು ಕೈ ಹಿಡಿದಳು. ಹೊರಗೆ ಚಾಚಾ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕೊಡೆಯನ್ನು ಹಿಡಿದುಕೊಂಡು ನಿಂತರು. ನಾನು ದಾವಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದೆ. ಅಂತೂ ಬೀಗತಿ ಅಂಬೆಗಾಲಿಟ್ಟು ಬಂದು ಜೋಳದ ಚೀಲದ ಮೇಲೆ ಕೂತರು.

ಅವ್ವ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಟ್ಟಳು. ಮಾತಿಗೆ ಶುರುವಾದೆವು. ಆದರೆ ಯಾರ ಲಕ್ಷ್ಯವೂ ಮಾತಿನ ಮೇಲಿರಲಿಲ್ಲ. ನಮ್ಮ ತಲೆಯ ಮೇಲೆ ತಾಡಪಾಲಿನಲ್ಲಿ ನೀರು ನಿಂತು, ತುಂಬು ಬಸುರಿಯ ಹೊಟ್ಟೆಯಂತೆ ಜೋತುಬಿದ್ದಿತ್ತು. ಅದು ಸರಿಯಾಗಿ ಬೀಗತಿಯ ತಲೆಯ ಮೇಲೆಯೇ ಇತ್ತು.

"ಮಗಳು ಉಣ್ತಾಳೇನ್ರಿ ಚಂದಾಗಿ?" ಅಂದಳು ಅವ್ವ, ಮೇಲೆ ನೋಡುತ್ತ.

"ಉಣ್ತಾಳೆ," ಅಂದರು ಬೀಗತಿ. ಅವರೂ ಮೇಲೆ ನೋಡಿದರು.

"ಏನೂ ಆಗಂಗಿಲ್ರಿ," ಎಂದು ಅಪ್ಪ ಬಿದಿರು ಗಳ ತೆಗೆದುಕೊಂಡ. ಪ್ರತಿ ತಾಸಿಗೊಮ್ಮೆ ಹೀಗೆ ಅಂಚಿನಲ್ಲಿ ಎತ್ತಿ ನೀರನ್ನು ಹಿತ್ತಲಿಗೆ ಚೆಲ್ಲುವುದು ರೂಢಿ. ಆದರೆ ಅಂದು ಬೀಗರ ಮುಂದೆ ಒಂದೇ ಏಟಿಗೆ ಮುಗಿಸಿ ತೋರಿಸಬೇಕಿತ್ತು. "ನಡುವಕ್ಕ ತಿವಿತೀನಿ," ಅಂದ.

"ಆತ್ರಿ," ಅಂದರು ಚಾಚಾ.

ಪರ್‌ ಎಂದು ತಾಡಪಾಲು ಹರಿಯಿತು. ಎರಡು ಸೈಕ್ಲೋನಿನ ನೀರು ಒಟ್ಟಿಗೇ ಬೀಗತಿಯ ತಲೆಯ ಮೇಲೆ ಬಿತ್ತು. ಮಂಡಕ್ಕಿ ತೇಲಿಕೊಂಡು ಒಲೆಯ ಕಡೆಗೆ ಹೋಯಿತು. ಬೀಗತಿ ಮುಖದ ಮೇಲಿನ ನೀರು ಬಳಿದುಕೊಂಡು, ಕೈಯೆತ್ತಿ, ಆಕಾಶ ನೋಡಿ ಕಿರುಚಿದರು: "ಥೂ! ಹಾಳಾಗಿ ಹೋಗ್ಲಿ ಈ ಮಳೆ! ನಿಂತು ಸಾಯ್ಬಾರ್ದಾ ಇದು!"

ಅಪ್ಪನ ಕೈಯಿಂದ ಗಳ ಬಿತ್ತು. ನಮ್ಮ ಮನೆಯಲ್ಲಿ ಆ ಮಾತು ಯಾರೂ ಆಡಿದ್ದಿಲ್ಲ. ಅವ್ವ ಎದ್ದು ಹೋಗಿ ಬೀಗತಿಯ ಎರಡೂ ಕೈ ಹಿಡಿದುಕೊಂಡಳು.

"ಅನ್ರಿ ಬೀಗ್ರೇ, ಇನ್ನೊಂದ್ ಸಲ ಅನ್ರಿ. ನನಗಂತೂ ಅನ್ನಾಕ ಬಿಟ್ಟಿಲ್ಲ!"

ಬೀಗತಿ ಇನ್ನೊಂದು ಸಲ ಅಂದರು. ಮೂರನೆಯ ಸಲ ಅವ್ವನೂ ದನಿಗೂಡಿಸಿದಳು. ಮಳೆಯನ್ನು ಬೈದು, ಬಂಗಾಳಕೊಲ್ಲಿಯನ್ನು ಬೈದು, ಪಂಚಾಂಗವನ್ನು ಬೈದು, ಹಾಗೇ ಅಪ್ಪನ ತನಕ ಬಂದರು. ಅಪ್ಪ ಮೆಲ್ಲಗೆ ಬಾಗಿಲಿನಿಂದ ನುಸುಳಿ ಹೊಲ ನೋಡಲು ಹೋದ.

ಬೀಗತಿ ಅವ್ವನ ಸೀರೆ ಉಟ್ಟು ಒಲೆಯ ಮುಂದೆ ಕೂದಲು ಒಣಗಿಸುತ್ತ ಕೂತಾಗ ಸಿಟ್ಟು ಇಳಿದಿತ್ತು. "ಯಾಕಿಷ್ಟು ಒದ್ದಾಡ್ತೀರಿ? ನಮ್ಮನೆ ಬೆಚ್ಚಗೈತೆ. ನಾನೇನು ಸೊಸೇನ ಕೆಟ್ಟದಾಗಿ ನೋಡ್ಕಂತೀನಾ?" ಅಂದರು.

"ಇಲ್ರಿ, ನನಕಿಂತ ಚಲೋ ನೋಡ್ಕಂತೀರಿ," ಅಂದಳು ಅವ್ವ. ಊದುಗೊಳವೆಯನ್ನು ಕೆಳಗಿಟ್ಟಳು. "ಆದ್ರ ಬ್ಯಾನಿ ಬಂದಾಗ ಆಕಿ ಅವ್ವಾ ಅಂತಾಳಲ್ರಿ. ಆಗ ಓ ಅನ್ನಾಕ ನಾನಿರಬೇಕಲ್ರಿ."

ಬೀಗತಿ ಕೂದಲು ಒಣಗಿದ ಮೇಲೆ ಗಂಟು ಹಾಕಿಕೊಂಡು ಚಾಚಾನನ್ನು ಕೂಗಿದರು. "ಮೇಸ್ತ್ರಿ, ಮಳೆ ನಿಂತ ಕೂಡ್ಲೇ ಮೊದ್ಲು ಒಂದು ಕೋಣೆಗೆ ಮಾಳಿಗೆ ಮುಚ್ಚು. ಈ ಬೀಗರ ಮಾತು ಕೇಳ್ಬೇಡ. ನಾನು ಹೇಳ್ದಂಗೆ ಮಾಡು."

"ಆತ್ರಿ," ಅಂದರು ಚಾಚಾ.

ಮಳೆ ನಿಂತಿತು. ತಲಬಾಗಿಲು ಎದ್ದಿತು, ಕೋಣೆಗೆ ಮಾಳಿಗೆ ಬಂತು. ಅಕ್ಕ ಬಂದಳು. ಅವಳ ಜೊತೆಗೆ ಬೀಗತಿಯೂ ಗಂಟು ಕಟ್ಟಿಕೊಂಡು ಬಂದು, ಮಾಳಿಗೆಯ ಪ್ರತಿಯೊಂದು ಜಂತಿಗೂ ತಪ್ಪು ಹುಡುಕುತ್ತ ಉಳಿದೇಬಿಟ್ಟರು. ಅವ್ವ ಮಾಡಿದ ಸಾರಿಗೆ ಅವರು ಉಪ್ಪು ಹಾಕುವುದು, ಅವರು ಹಾಸಿದ ಕೌದಿಯನ್ನು ಅವ್ವ ಎತ್ತಿ ಮತ್ತೆ ಹಾಸುವುದು. ಇಬ್ಬರ ನಡುವೆ ಅಕ್ಕನೂ ನಾನೂ ಸುಸ್ತಾದೆವು.

ಬೇನೆ ಬಂದ ದಿನ ಸರ್ಕಾರಿ ಆಸ್ಪತ್ರೆಯ ಬಾಗಿಲ ಹೊರಗೆ ಇಬ್ಬರೂ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿದ್ದರು. ಒಳಗಿನಿಂದ ಅಕ್ಕ "ಅವ್ವಾ" ಎಂದು ಚೀರಿದಳು. ಇಬ್ಬರೂ ಒಟ್ಟಿಗೆ "ಓ" ಅಂದರು.

ನರ್ಸಮ್ಮ ಬಾಗಿಲು ತೆರೆದು, "ಒಬ್ರೇ ಬರ್ರಿ ಒಳಗ," ಅಂದಳು. ಬೀಗತಿಯ ಒಂದು ಕಾಲು ಆಗಲೇ ಹೊಸ್ತಿಲ ಮೇಲಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡು, ಅವ್ವನ ಬೆನ್ನಿಗೆ ಕೈ ಹಚ್ಚಿ ಒಳಗೆ ದಬ್ಬಿದರು.

"ಹೋಗ್ರಿ, ಹೋಗ್ರಿ. ನಿಮ್ಮನ್ನೇ ಕರೀತಿರೋದು."