ಬೊಂಡ ತಂದ ನೀರು

ನನ್ನ ಮಗಳ ನೀರಿನ ಬಾಟಲಿ ದಿನಾ ಸಂಜೆ ಪೂರ್ತಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ಅದನ್ನು ಬೋರಲು ಹಿಡಿದು ನೋಡಿ ನಾನು ಹಿಗ್ಗುತ್ತಿದ್ದೆ. ಬೆಳಿಗ್ಗೆ ಗಡಿಬಿಡಿಯಲ್ಲೂ ಜೀರಿಗೆ ಹಾಕಿ ನೀರು ಕುದಿಸಿ, ಆರಿಸಿ, ತುಂಬಿಸಿ ಕಳುಹಿಸಿದ್ದು ಸಾರ್ಥಕವಾಯಿತಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಿದ್ದೆ.

ಡೊಂಬಿವಲಿಯ ಅವಳ ಶಾಲೆಯಲ್ಲಿ ವಾಟರ್ ಕೂಲರ್ ಇಲ್ಲವೆಂದಲ್ಲ. ಫಿಲ್ಟರ್ ಸಮೇತ ಇದೆ, ಆಫೀಸಿನ ಪಕ್ಕದ ಕಾರಿಡಾರಿನಲ್ಲಿ. ಆದರೆ ಶಾಲೆ ಬೆಳಗಿನ ಪಾಳಿಯದು. ಮಧ್ಯಾಹ್ನ ಒಂದು ಗಂಟೆಗೆ ಪ್ಯೂನ್ ಗ್ರಿಲ್ಲಿಗೆ ಬೀಗ ಜಡಿದು, ಕೀಲಿಕೈ ಜೇಬಿಗಿಟ್ಟು ಮನೆಗೆ ಹೋಗುತ್ತಾನೆ. ಖೋಖೋ ಪ್ರಾಕ್ಟೀಸ್ ಶುರುವಾಗುವುದು ನಾಲ್ಕಕ್ಕೆ. ಹನ್ನೆರಡು ಹುಡುಗಿಯರು ಎರಡು ಗಂಟೆ ಧೂಳಿನಲ್ಲಿ ಓಡಿದ ಮೇಲೆ ಉಳಿಯುವುದು ಗಿಡಗಳಿಗೆ ನೀರು ಬಿಡುವ ಮೂಲೆಯ ನಲ್ಲಿ ಒಂದೇ. ಹೋದ ವರ್ಷ ಅದರ ನೀರು ಕುಡಿದು ನನ್ನವಳಿಗೆ ಹೊಟ್ಟೆ ಕೆಟ್ಟಿತು. ಪಂದ್ಯ ನಡೆದದ್ದು ಕಲ್ಯಾಣದಲ್ಲಿ, ಇವಳು ಮಲಗಿದ್ದು ಮನೆಯಲ್ಲಿ.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಈ ವರ್ಷ ಅವಳು ಒಂಬತ್ತನೇ ತರಗತಿ, ತಂಡದ ಕ್ಯಾಪ್ಟನ್. ಮೊದಲ ದಿನವೇ ಕೂರಿಸಿ ಹೇಳಿದೆ: "ಆ ನಲ್ಲಿಗೆ ಬಾಯಿ ಇಟ್ಟದ್ದು ಗೊತ್ತಾದ್ರೆ ನಿನ್ನ ಖೋಖೋ ಬಂದ್. ಮತ್ತೆ ಕೂಗಿದ್ರೂ ಇಲ್ಲ, ಕುಣಿದ್ರೂ ಇಲ್ಲ." ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ ಅವಳು. "ಠೀಕ್ ಹೈ ನಾ, ಅಮ್ಮಾ" ಎಂದು ಬೂಟಿನ ಲೇಸು ಕಟ್ಟಿಕೊಂಡು ಹೋದಳು. ನಾನು ಶಾಲೆಗೆ ಎರಡು ಅರ್ಜಿ ಕೊಟ್ಟೆ, ಕೂಲರ್ ಸಂಜೆಯೂ ತೆರೆದಿರಲಿ ಎಂದು. "ಬಘೂಯಾ, ಮ್ಯಾಡಮ್" ಎಂದರು ಕ್ಲಾರ್ಕ್. ನೋಡೋಣ ಅಂತ. ನೋಡಿದ್ದೂ ಇಲ್ಲ, ಮಾಡಿದ್ದೂ ಇಲ್ಲ.

ಕಲ್ಯಾಣದ ಪಂದ್ಯಕ್ಕೆ ಎಂಟು ದಿನ ಇತ್ತು. ಶನಿವಾರ ಠಾಣೆಯ ಆಫೀಸಿನಿಂದ ಬೇಗ ಹೊರಟವಳಿಗೆ ಲೋಕಲ್ಲಿನ ಸೆಕೆಯಲ್ಲಿ ನಿಂತಾಗ ಗ್ರೌಂಡಿನಲ್ಲಿ ಓಡುವ ಮಕ್ಕಳ ನೆನಪಾಯಿತು. ಠಾಕುರ್ಲಿಯಲ್ಲಿ ನನ್ನ ಅಣ್ಣನದೊಂದು ಚಿಕ್ಕ ಹೋಟೆಲು, ಅದರ ಬಾಗಿಲಲ್ಲೇ ಎಳನೀರಿನ ಗಾಡಿ. ನಮ್ಮ ಉಡುಪಿ ಕಡೆ ಎಳನೀರಿಗೆ ಬೊಂಡ ಎನ್ನುತ್ತೇವೆ. ಹೋಟೆಲಿಗೆ ಫೋನ್ ಮಾಡಿದೆ. ಅಣ್ಣ ಗ್ರೈಂಡರ್ ರಿಪೇರಿಗೆಂದು ಉಲ್ಹಾಸನಗರಕ್ಕೆ ಹೋಗಿದ್ದ. ಗಲ್ಲೆಯಲ್ಲಿ ಕೂತಿದ್ದ ಧಾರವಾಡ ಕಡೆಯ ಹೊಸ ಮ್ಯಾನೇಜರ್ ಎತ್ತಿಕೊಂಡರು.

"ಶಾಲೆಯ ಗ್ರೌಂಡಿಗೆ ಹದಿನೈದು ಬೊಂಡ ಕಳಿಸಿ ಮಾರಾಯ್ರೆ, ಬೇಗ!"

"ಆತ್ರಿ ಅಕ್ಕಾರ! ಬಿಸಿ..." ಉಳಿದದ್ದನ್ನು ಪಕ್ಕದ ಹಳಿಯ ಫಾಸ್ಟ್ ಲೋಕಲ್ ನುಂಗಿತು. ಪಾಪ, ಬಿಸಿಲಿನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ನಾನು ಗ್ರೌಂಡಿಗೆ ಮುಟ್ಟುವಾಗ ಹುಡುಗಿಯರೆಲ್ಲ ಬಟಾಟೆ ಬೋಂಡಾ ತಿನ್ನುತ್ತಿದ್ದರು. ಬಿಸಿಬಿಸಿ, ಹದಿನೈದು, ಜೊತೆಗೆ ಹಸಿಮೆಣಸಿನ ಚಟ್ನಿ. ಅಯ್ಯೋ ದೇವರೇ! ಧಾರವಾಡದವರಿಗೆ ಬೋಂಡಾ ಅಂದರೆ ಎಣ್ಣೆಯಲ್ಲಿ ಕರಿದದ್ದು ಎನ್ನುವುದು ನನಗೆ ಹೊಳೆಯಲೇ ಇಲ್ಲ. ಪಿ.ಟಿ. ಸರ್ ಮೂರು ಮುಗಿಸಿ ಬೆರಳು ನೆಕ್ಕುತ್ತಾ, "ಏಕ್ ನಂಬರ್, ಮ್ಯಾಡಮ್!" ಎಂದರು.

ಐದೇ ನಿಮಿಷ. ಆಮೇಲೆ ಎಲ್ಲರೂ ನಾಲಿಗೆ ಹೊರಗೆ ಹಾಕಿ ಹಾಹಾ ಎನ್ನತೊಡಗಿದರು. ಸರ್ ಮನೆಯಿಂದ ತಂದ ಬಾಟಲಿ ಹುಡುಗಿಯರ ಕೈಗೆ ಹೋಗಿ ಒಂದು ಸುತ್ತಿನಲ್ಲೇ ಬರಿದಾಯಿತು. ಸರ್ ಮುಖ ಕೆಂಪು, ಕಣ್ಣಲ್ಲಿ ನೀರು, ಬಾಯಿಗೆ ಮಾತ್ರ ಇಲ್ಲ.

"ನಿನ್ನ ಬಾಟಲಿ ಎಲ್ಲಿ?" ಎಂದು ಮಗಳನ್ನು ಕೇಳಿದೆ.

ಉತ್ತರ ಕೊಟ್ಟದ್ದು ಅವಳ ಗೆಳತಿ. "ಆಂಟಿ, ವೋ ತೋ ಹಮ್ ರೋಜ್ ಪಹಲೇ ಹೀ ಖತಮ್ ಕರತೇ ಹೈಂ. ಯೇ ಖುದ್ ಪೀತೀಚ್ ನಹೀಂ."

ದಿನಾ ಅದನ್ನು ಮೊದಲೇ ಮುಗಿಸುವುದು ಇವರಂತೆ, ಇವಳು ಕುಡಿಯುವುದೇ ಇಲ್ಲವಂತೆ. ಒಂದು ಲೀಟರ್ ನೀರು, ಹನ್ನೊಂದು ಬಾಯಿ. ನನ್ನವಳಿಗೆ ಉಳಿಯುತ್ತಿದ್ದದ್ದು ಮುಚ್ಚಳ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹತ್ತಿರ ಬಂದು, ಉಳಿದವರಿಗೆ ತಿಳಿಯದಿರಲಿ ಎಂದೋ ಏನೋ, ಮೆಲ್ಲಗೆ ಕನ್ನಡದಲ್ಲೇ ಹೇಳಿದಳು: "ಬೊಬ್ಬೆ ಹಾಕ್ಬೇಡ ಅಮ್ಮ. ಅವರೂ ಆ ನಲ್ಲಿ ನೀರು ಕುಡಿದು ಹುಷಾರು ತಪ್ಪಿದ್ರೆ ಟೀಮೇ ಇಲ್ಲ. ನಾನು ಆ ನೀರು ಮುಟ್ಟಲಿಲ್ಲ, ದೇವರಾಣೆ. ಖೋಖೋ ಬಂದ್ ಮಾಡ್ಬೇಡ."

ತಿಂಗಳುಗಟ್ಟಲೆ ಈ ಹುಡುಗಿ ಒಣಗಿದ ಗಂಟಲಲ್ಲಿ ಓಡಿದ್ದು ನನ್ನ ಬೆದರಿಕೆಗೆ ಹೆದರಿ. ಖಾಲಿ ಬಾಟಲಿ ನೋಡಿ ಹಿಗ್ಗಿದ ನನ್ನ ಬುದ್ಧಿಗಿಷ್ಟು! ಸಿಟ್ಟು ಬಂತು, ಈ ಸಲ ನನ್ನ ಮೇಲೆಯೇ.

ಅಷ್ಟರಲ್ಲಿ ಚಟ್ನಿ ತನ್ನ ಕೆಲಸ ಮಾಡಿತ್ತು. ಸರ್ ಮೂಲೆಯ ನಲ್ಲಿಯ ತನಕ ಹೋದರು, ತಿರುಗಿಸಿದರು, ಬಂದ ನೀರಿನ ಬಣ್ಣ ನೋಡಿದರು, ನಿಲ್ಲಿಸಿದರು. ಆಮೇಲೆ ಸ್ಕೂಟರಿಗೆ ಒದ್ದು ಹೊರಟವರು ಹದಿನೈದು ನಿಮಿಷದಲ್ಲಿ ಪ್ಯೂನನ್ನು ಹಿಂದೆ ಕೂರಿಸಿಕೊಂಡೇ ಬಂದರು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಮನುಷ್ಯ, ಬನಿಯನ್ ಮೇಲೆ ಟವೆಲ್. ಬೀಗ ತೆರೆಯಿತು. ಸರ್ ಮೂರು ಲೋಟ ಗಟಗಟ ಕುಡಿದು ಕೂಲರಿಗೆ ಒರಗಿ, "ಸೋಮವಾರ್ಚ್ಯಾ ಆತ್, ಮ್ಯಾಡಮ್" ಎಂದರು. ಸೋಮವಾರದೊಳಗೆ ಇದಕ್ಕೊಂದು ದಾರಿ ಮಾಡುತ್ತೇನೆ ಅಂತ.

ಮಾತು ಉಳಿಸಿಕೊಂಡರು. ಸೋಮವಾರ ಅವರ ಸೀಟಿಯ ದಾರದಲ್ಲೇ ಗ್ರಿಲ್ಲಿನ ಇನ್ನೊಂದು ಕೀಲಿಕೈ ನೇತಾಡುತ್ತಿತ್ತು. ಫಿಲ್ಟರ್ ಯಾವಾಗ ಬದಲಾಯಿಸಿದ್ದು ಎಂದು ಕೇಳದೆ ಬಿಡುವವಳೇ ನಾನು? ಆ ವಾರವೇ ಅದೂ ಹೊಸದಾಯಿತು. ಅಣ್ಣ ಈಗಲೂ ಛೇಡಿಸುತ್ತಾನೆ: "ನಿನ್ನ ಎರಡು ಅರ್ಜಿಗಿಂತ ನನ್ನ ಒಂದು ಚಟ್ನಿ ವಾಸಿ ಅಲ್ಲನಾ?"

ಸೋಮವಾರ ಸಂಜೆ ಮಗಳು ಬಂದು ಚೀಲ ಬಿಸಾಡಿದಳು. ನಾನು ಅಭ್ಯಾಸಬಲದಿಂದ ಬಾಟಲಿ ಎತ್ತಿದೆ. ಭಾರವಿತ್ತು. ಅರ್ಧಕ್ಕಿಂತ ಹೆಚ್ಚು ನೀರು ಹಾಗೇ ಉಳಿದಿತ್ತು. "ಯಾಕೆ ಕುಡೀಲಿಲ್ಲ?" ಎಂದು ರೇಗಲು ಹೋದವಳು ತಡೆದುಕೊಂಡೆ. ಉಳಿದ ಆ ಜೀರಿಗೆ ನೀರನ್ನು ಅಡುಗೆಮನೆಯಲ್ಲಿ ನಿಂತು ನಾನೇ ಕುಡಿದೆ, ಕೊನೆಯ ಹನಿಯವರೆಗೂ.