ಕೆಂಪು ಪೆನ್ನು ಹೊಡೆದ ಸಾಲು

ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳಿಗೆ ಮನೆಯವರು ಇಟ್ಟ ಹೆಸರು ಒಂದಿದೆ, ಆದರೆ ಆ ಬೀದಿಯಲ್ಲಿ ಅದು ಯಾರಿಗೂ ಬೇಕಾಗಿಲ್ಲ. ಅಲ್ಲಿ ಅವಳು ಫಾರಂ ಅಕ್ಕ. ಜನನ ಪತ್ರ, ಮರಣ ಪತ್ರ, ವಿಮೆ, ಪಿಂಚಣಿ, ಯಾವುದೇ ಅರ್ಜಿ ಇರಲಿ, ಅವಳ ಬೆರಳ ಕೆಳಗೆ ಹಾದುಹೋಗಬೇಕು. ಡಾಕ್ಟರುಗಳ ಕೈಬರಹ ಓದಬಲ್ಲವಳು ಔಷಧಿ ಅಂಗಡಿಯವನನ್ನು ಬಿಟ್ಟರೆ ಅವಳೊಬ್ಬಳೇ ಎಂಬ ಮಾತು ಆ ಬೀದಿಯಲ್ಲಿ ಉಂಟು. ಔಷಧಿ ಅಂಗಡಿಯವನೇ ಎಷ್ಟೋ ಸಲ ಚೀಟಿ ಹಿಡಿದು ರಸ್ತೆ ದಾಟಿ ಬರುತ್ತಾನೆ.

ವರ್ಷದಲ್ಲಿ ಹತ್ತು ದಿನ ಮಾತ್ರ ಅಂಗಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಮೆಡಿಕಲ್ ಎಂಟ್ರೆನ್ಸಿನ ರ‍್ಯಾಂಕು ಬಂದ ಮೇಲೆ ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಒಂದರ ಕೆಳಗೊಂದು ತುಂಬಬೇಕಾದ ದಿನಗಳು ಅವು. ಲೆಕ್ಕ ಸುಲಭ. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬರುತ್ತದೆ. ಮೊದಲನೆಯದು ಎಟುಕದಿದ್ದರೆ ಎರಡನೆಯದು, ಅದೂ ಎಟುಕದಿದ್ದರೆ ಮೂರನೆಯದು. ಮೇಲೆ ದೊಡ್ಡದನ್ನು ಕೇಳಿದ್ದಕ್ಕೆ ಕೆಳಗಿನದನ್ನು ಕಿತ್ತುಕೊಳ್ಳುವುದಿಲ್ಲ. ಎಷ್ಟು ಸಾಲು ತುಂಬಿದರೂ ನಡೆಯುತ್ತದೆ.

ಇದನ್ನು ಒಂಬತ್ತು ವರ್ಷದಿಂದ ಹೇಳಿ ಹೇಳಿ ಅವಳ ಗಂಟಲು ಒಣಗಿದೆ. ಅಪ್ಪಂದಿರು ನಂಬುವುದಿಲ್ಲ. ದೊಡ್ಡ ಕಾಲೇಜಿನ ಹೆಸರು ಹಾಕಿದರೆ ಕಂಪ್ಯೂಟರಿಗೆ ಸಿಟ್ಟು ಬಂದೀತು ಎನ್ನುವ ಹಾಗೆ ಹೆದರುತ್ತಾರೆ. ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವಳಿಗೆ ಅಷ್ಟೆಲ್ಲ ಬರಲ್ಲ, ಚಾನ್ಸ್ ಇರೋ ಕಡೆ ಮಾತ್ರ ಹಾಕಿ ಎನ್ನುತ್ತಾರೆ. ಒಬ್ಬ ಮಹಾಶಯ ಚಾನ್ಸ್ ಎಷ್ಟು ಪರ್ಸೆಂಟು ಎಂದು ಕೇಳಿಯೇ ಕೇಳಿದ. "ಒಂದೋ ನೂರು, ಇಲ್ಲಾಂದ್ರೆ ಸೊನ್ನೆ ಸಾರ್. ಅರ್ಧ ಸೀಟು ಯಾರೂ ಕೊಡಲ್ಲ," ಎಂದಳು ಫಾರಂ ಅಕ್ಕ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ. ಆ ಹತ್ತು ದಿನ ಅವಳಿಗೆ ನಗು ಬರುವುದಿಲ್ಲ. ಕಾಗದಕ್ಕೆ ಪಿನ್ನು ಹೊಡೆಯುವಾಗ ಸ್ಟೇಪ್ಲರಿನ ಮೇಲೆ ಬೀಳುವ ಅವಳ ಏಟು ಪಕ್ಕದ ಅಂಗಡಿಗೆ ಕೇಳುತ್ತದೆ.

ಆ ಏಟಿಗೆ ಕಾರಣ ಗೊತ್ತಿರುವುದು ಅವಳ ಗಂಡನಿಗೆ ಮಾತ್ರ.

ಹದಿನೇಳು ವರ್ಷದವಳಿದ್ದಾಗ ಅವಳೂ ಆ ಪರೀಕ್ಷೆ ಬರೆದಿದ್ದಳು. ರ‍್ಯಾಂಕು ನಾಲ್ಕು ಸಾವಿರದ ಮುನ್ನೂರ ಹದಿನೆಂಟು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಮನೆಯ ಎಲ್ಲ ತೀರ್ಮಾನವೂ ದೊಡ್ಡಪ್ಪನದು. ದೊಡ್ಡಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಅವರು ಕೂಡಿಸಿ ಕಳೆದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ಅವಳು ಬರೆದುಕೊಂಡು ಹೋದ ಪಟ್ಟಿಯನ್ನು ಮುಂದಿಟ್ಟುಕೊಂಡು, ಸ್ಕೇಲು ಇಟ್ಟು, ಕೆಂಪು ಪೆನ್ನಿನಲ್ಲಿ ಮೆಡಿಕಲ್ ಕಾಲೇಜುಗಳ ಮೇಲೆ ಒಂದೊಂದೇ ಗೆರೆ ಎಳೆದರು. ಎಲ್ಲಕ್ಕಿಂತ ಕಡೆಯಲ್ಲಿ ತುಂಬುವ ಬೆಟ್ಟದ ಮೇಲಿನ ಕಾಲೇಜು ಕೂಡ ಹಿಂದಿನ ವರ್ಷ ನಾಲ್ಕು ಸಾವಿರದ ನೂರ ಎರಡಕ್ಕೆ ನಿಂತಿದೆ, ಇನ್ನೂರ ಹದಿನಾರು ಹಿಂದೆ ಇದ್ದೀಯ, ಸುಮ್ಮನೆ ಸಾಲು ದಂಡ ಎಂದರು. ಗೆರೆಗಳು ಎಷ್ಟು ನೇರವಾಗಿದ್ದವೆಂದರೆ, ಅವು ಅಳಿಸಿದ ಗುರುತು ಅಂತಲೇ ಅನ್ನಿಸುತ್ತಿರಲಿಲ್ಲ, ಅಚ್ಚಿನಲ್ಲೇ ಹಾಗೆ ಬಂದಿದೆ ಅನ್ನಿಸುತ್ತಿತ್ತು. ದೊಡ್ಡಪ್ಪ ಹೇಳಿದ ಹಾಗೆ ಎಂದಳು ಹುಡುಗಿ. ಬಿಎಸ್ಸಿ ಸೇರಿದಳು. ಪಾಸಾದಳು, ಮದುವೆಯಾದಳು, ಕಂಪ್ಯೂಟರು ಕಲಿತಳು.

ಅಂಗಡಿಗೆ ಸೇರಿದ ಎರಡನೆಯ ವರ್ಷ, ಯಾರೋ ಅಪ್ಪ, ಯಾವ ಕಾಲೇಜಿನ ಸೀಟು ಎಷ್ಟನೆಯವರಿಗೆ ಮುಗಿಯಿತು ಎನ್ನುವ, ಹಳೆಯ ವರ್ಷಗಳ ಕೊನೆಯ ರ‍್ಯಾಂಕಿನ ಪಟ್ಟಿಗಳು ಬೇಕೆಂದ. ಪ್ರಿಂಟರಿನಿಂದ ಹಾಳೆಗಳು ಒಂದೊಂದಾಗಿ ಬೀಳುತ್ತಿದ್ದವು. ತನ್ನ ವರ್ಷದ ಹಾಳೆ ಬಿದ್ದಾಗ ಅವಳು ಸುಮ್ಮನೆ ಕಣ್ಣಾಡಿಸಿದಳು. ಒಂದು ಕಡೆ ಕಾಲೇಜಿನ ಹೆಸರು, ಎದುರಿಗೆ ಒಂದು ಸಂಖ್ಯೆ, ಬೇರೇನಿಲ್ಲ. ಬೆಟ್ಟದ ಮೇಲಿನ ಕಾಲೇಜಿನ ಎದುರು ನಾಲ್ಕು ಸಾವಿರದ ಆರುನೂರ ಐವತ್ತೈದು ಎಂದಿತ್ತು.

ಅವಳಿಗಿಂತ ಮುನ್ನೂರ ಮೂವತ್ತೇಳು ಸ್ಥಾನ ಹಿಂದಿದ್ದ ಯಾರೋ ಒಬ್ಬರು ಅಲ್ಲಿ ಡಾಕ್ಟರಾಗಿದ್ದರು.

ಆಮೇಲೆ ಕಾಲೇಜಿನ ಹಳೆಯ ಗುಮಾಸ್ತರೊಬ್ಬರನ್ನು ಹಿಡಿದು ಕೇಳಿದಳು. ಆ ವರ್ಷ ಅಲ್ಲಿ ಐವತ್ತು ಸೀಟು ಹೊಸದಾಗಿ ಸೇರಿದ್ದವಂತೆ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಮನೆಯಲ್ಲಿ ಭಾರ ಇಳಿಸಲು ತಮಾಷೆ ಮಾಡುವುದು ಅವನ ಅಭ್ಯಾಸ. "ಒಳ್ಳೇದೇ ಆಯ್ತು ಬಿಡು, ಡಾಕ್ಟ್ರಾಗಿದ್ರೆ ನನ್ನ ಯಾಕೆ ಕಟ್ಕೊಳ್ತಿದ್ದೆ," ಎಂದ. ಎರಡು ದಿನ ಅವಳು ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಪಾತ್ರೆ ತೊಳೆಯುತ್ತಾ, ದೊಡ್ಡಪ್ಪನನ್ನು ಕೇಳಿದೆಯಾ ಅಂದ. ಇಲ್ಲ ಅಂದಳು. ಕೇಳಿ ಏನು ಮಾಡುವುದು, ಪಾಪ ಅವರಿಗೆ ತಾನೇ ಏನು ಗೊತ್ತಿತ್ತು ಎಂದು ಸಮಾಧಾನ ಮಾಡಿಕೊಂಡು, ಆ ಹಾಳೆಯ ಇನ್ನೊಂದು ಪ್ರತಿ ತೆಗೆದು, ಸಂಖ್ಯೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸೇರಿಸಿ ಅಂಗಡಿಯ ಡ್ರಾಯರಿನಲ್ಲಿ ಇಟ್ಟಳು. ಏಳು ವರ್ಷದಿಂದ ಅದು ಅಲ್ಲೇ ಇದೆ.

ಆಮೇಲೆ ಮಗಳು ಹುಟ್ಟಿದಳು. ಈಗ ನಾಲ್ಕು ತುಂಬಿದೆ, ಬೇಕುಗಳಿಗೆ ಕೊನೆಯಿಲ್ಲ. ಹಸಿರು ಚಪ್ಪಲಿ ಬೇಕು, ನಿಜವಾದ ಆನೆ ಬೇಕು, ಆಸ್ಪತ್ರೆಯ ಲಿಫ್ಟನ್ನು ಮನೆಗೆ ತರಬೇಕು. ಅಜ್ಜಿ ಹಾಗೆಲ್ಲ ಕೇಳಬಾರದು ಎಂದು ಗದರಿದಾಗ ಫಾರಂ ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಕೇಳೋದು ಅವಳ ಕೆಲಸ ಅತ್ತೆ. ಇಲ್ಲ ಅನ್ನೋದು ನನ್ನ ಕೆಲಸ. ನಾನು ಅಂತೀನಿ, ನೀವು ಅವಳ ಬಾಯಿ ಮುಚ್ಚಿಸ್ಬೇಡಿ," ಎಂದಳು. ಆನೆಗೆ ಇಲ್ಲ ಎಂದಳು. ಹಸಿರು ಚಪ್ಪಲಿ ಬಂತು.

ಈ ವರ್ಷ ಪಟ್ಟಿ ತುಂಬುವ ಕೊನೆಯ ದಿನ, ಮಧ್ಯಾಹ್ನ ಮೂರೂವರೆಗೆ ದೊಡ್ಡಪ್ಪ ಅಂಗಡಿಗೆ ಬಂದರು. ಕಂಕುಳಲ್ಲಿ ಫೈಲು. ಹಿಂದೆ ಮೊಮ್ಮಗಳು, ದೊಡ್ಡ ಮಗನ ಮಗಳು, ಹದಿನೇಳು ವರ್ಷ. ನಮ್ಮ ಹುಡುಗಿಯೇ ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗಬೇಕು ಅಂತ ಬಂದೆ ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತರು. ಐದಕ್ಕೆ ಪಟ್ಟಿ ಮುಚ್ಚುತ್ತದೆ, ಬೇಗ ಮಾಡಮ್ಮ ಎಂದು ಹಾಳೆ ಮುಂದಿಟ್ಟರು.

ಇಪ್ಪತ್ತೆರಡು ಸಾಲು. ಮೊದಲಿನ ಆರರ ಮೇಲೆ ಕೆಂಪು ಗೆರೆ. ಸ್ಕೇಲು ಇಟ್ಟು ಎಳೆದದ್ದು.

ಯಾಕೆ ಈ ಆರು ಬೇಡ ಎಂದು ಫಾರಂ ಅಕ್ಕ ಕೇಳಿದಳು. ದನಿ ಮಾಮೂಲಾಗಿಯೇ ಇತ್ತು.

"ಬರಲ್ಲ ಅಂತ ಗೊತ್ತಿರೋದನ್ನ ಯಾಕೆ ತುಂಬೋದು? ಬೆಟ್ಟದ ಕಾಲೇಜೇ ಹೋದ ವರ್ಷ ಐದು ಸಾವಿರದ ಆರುನೂರ ಹತ್ತಕ್ಕೆ ನಿಂತಿದೆ. ಇವಳದು ಐದು ಸಾವಿರದ ಎಂಟುನೂರ ಎಪ್ಪತ್ತು. ಇನ್ನೂರ ಅರವತ್ತು ಹಿಂದೆ. ಸುಮ್ನೆ ಸಾಲು ದಂಡ. ಏಳನೇದರಿಂದ ಹಾಕು, ಡೆಂಟಲ್ ಬರತ್ತೆ."

ಅವಳು ಹುಡುಗಿಯ ಕಡೆ ತಿರುಗಿ, ನಿನಗೇನು ಬೇಕು ಎಂದಳು. ಹುಡುಗಿ ಗೋಡೆಯ ಮೇಲಿನ ದರಪಟ್ಟಿ ನೋಡುತ್ತಾ, "ತಾತ ಹೇಳಿದ ಹಾಗೆ ಅತ್ತೆ," ಎಂದಳು.

ಹದಿನಾರು ವರ್ಷದ ಹಿಂದಿನ ತನ್ನ ದನಿಯೇ ಕೇಳಿದ ಹಾಗಾಗಿ ಅವಳ ಮೈ ಉರಿಯಿತು. ಡ್ರಾಯರು ಎಳೆದ ರಭಸಕ್ಕೆ ಪಿನ್ನಿನ ಡಬ್ಬಿ ಕೆಳಗೆ ಬಿದ್ದು ಚೆಲ್ಲಿತು. ಪ್ಲಾಸ್ಟಿಕ್ ಕವರಿನ ಹಾಳೆಯನ್ನು ದೊಡ್ಡಪ್ಪನ ಫೈಲಿನ ಮೇಲೆ ಇಟ್ಟು, ಓದಿ ಎಂದಳು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ಲೆಕ್ಕದ ಮೇಷ್ಟ್ರು, ಹೊತ್ತು ಹಿಡಿಯಲಿಲ್ಲ. ವರ್ಷ ನೋಡಿದರು, ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ ಸಂಖ್ಯೆ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಆ ವರ್ಷ ಐವತ್ತು ಸೀಟು ಜಾಸ್ತಿ ಮಾಡಿಬಿಟ್ರು. ಅದು ಮೊದಲೇ ನಂಗೆ ಹೇಗೆ ಗೊತ್ತಾಗ್ಬೇಕು?"

ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿ ಇನ್ನೊಮ್ಮೆ ನೋಡಿದಳು. ಕಾಲೇಜಿನ ಹೆಸರು, ಸಂಖ್ಯೆ, ಅಷ್ಟೇ.

"ಸೀಟು ಜಾಸ್ತಿ ಆಗಿದ್ದು ಇದರಲ್ಲಿ ಎಲ್ಲೂ ಬರೆದಿಲ್ವಲ್ಲ ದೊಡ್ಡಪ್ಪ."

ಸಾಲಿನಲ್ಲಿ ನಿಂತವರು ತಮ್ಮ ತಮ್ಮ ಕಾಗದ ನೋಡಿಕೊಳ್ಳತೊಡಗಿದರು.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು.

"ಆಗಲೇ, ಕಾಲೇಜು ಶುರುವಾದ ತಿಂಗಳು. ಹೇಳಿ ಏನು ಪ್ರಯೋಜನ ಇತ್ತು? ನೀನು ಬಿಎಸ್ಸಿ ಸೇರಿ ಆಗಿತ್ತು. ಸುಮ್ನೆ ಬೇಜಾರು ಮಾಡ್ಕೊಳ್ತಿದ್ದೆ."

"ನನ್ನ ಬೇಜಾರು ನಾನು ಮಾಡ್ಕೊಳ್ತಿದ್ದೆ ದೊಡ್ಡಪ್ಪ. ಅದಕ್ಕೂ ನೀವೇ ಗೆರೆ ಎಳೀಬೇಕಿತ್ತಾ? ಹೇಳಿದ್ರೆ ಮುಂದಿನ ವರ್ಷ ಇನ್ನೊಂದು ಸಲ ಬರೀತಿದ್ದೆ. ನಾನು ದಡ್ಡಿ ಅಂದ್ಕೊಂಡು ಕೂತ್ಬಿಟ್ಟೆ. ಇಷ್ಟು ವರ್ಷ."

ಅವಳು ಕೂಗಲಿಲ್ಲ. ಕೂಗಿದ್ದರೆ ದೊಡ್ಡಪ್ಪನಿಗೆ ಸುಲಭವಾಗುತ್ತಿತ್ತು, ಹಿರಿಯರ ಜೊತೆ ಮಾತಾಡುವ ರೀತಿಯೇ ಇದು ಅನ್ನಬಹುದಿತ್ತು. ಇಷ್ಟು ವರ್ಷ ತಾನು ಅವರ ಪರವಾಗಿ ಮನಸ್ಸಿನಲ್ಲೇ ವಕಾಲತ್ತು ನಡೆಸಿದ್ದು, ಪಾಪ ಅವರಿಗೇನು ಗೊತ್ತು ಎಂದು ಮರುಗಿದ್ದು, ಎಲ್ಲ ನೆನಪಾಗಿ ಅವಳಿಗೆ ಅವರ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು. ಗಂಡನಿಗೆ ಫೋನು ಮಾಡಿ ಇವತ್ತು ಮಗಳನ್ನು ನೀನೇ ಕರೆದುಕೊಂಡು ಬಾ ಎಂದು ಎರಡೇ ಮಾತಿನಲ್ಲಿ ಹೇಳಿದಳು. ಆಮೇಲೆ ಕೀಬೋರ್ಡನ್ನು ಎತ್ತಿ ಹುಡುಗಿಯ ಮುಂದೆ ಇಟ್ಟಳು. ಅದನ್ನು ಬೇರೆಯವರಿಗೆ ಕೊಟ್ಟದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು.

ಮೇಲೆ ಎಷ್ಟು ಹಾಕಿದರೂ ಕೆಳಗಿನ ಡೆಂಟಲ್ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವಳಿಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಬಂದರೆ ಬಂತು. ಬಾರದಿದ್ದರೆ, ಇಲ್ಲ ಎಂದು ಆ ಕಾಲೇಜೇ ಹೇಳುತ್ತದೆ. ಹುಡುಗಿ ತಾತನನ್ನು ನೋಡಲಿಲ್ಲ. ಒಂದು ಬೆರಳಿನಲ್ಲಿ ತಡವರಿಸುತ್ತಾ ಟೈಪು ಮಾಡತೊಡಗಿದಳು. ಮೊದಲ ಸಾಲು, ಎರಡನೆಯ ಸಾಲು. ಆರನೆಯದು ಬೆಟ್ಟದ ಮೇಲಿನ ಕಾಲೇಜು. ಆಮೇಲೆ ಡೆಂಟಲ್, ಉಳಿದದ್ದೆಲ್ಲ. ಇಪ್ಪತ್ತೆರಡೂ ತುಂಬುವಷ್ಟರಲ್ಲಿ ನಾಲ್ಕು ಮುಕ್ಕಾಲು.

ಕೊನೆಯ ಗುಂಡಿ ಒತ್ತಿದಾಗ ಓಟಿಪಿ ಕೇಳಿತು. ದೊಡ್ಡಪ್ಪನ ಅಂಗಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅರ್ಜಿಯಲ್ಲಿ ಕೊಟ್ಟ ನಂಬರು ಅವರದೇ. ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು.

ಫಾರಂ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಕೈ ಚಾಚಿದಳು.

"ತಾತ, ಫೋನ್ ಕೊಡಿ."

ದೊಡ್ಡಪ್ಪ ಫೋನು ಕೊಡಲಿಲ್ಲ. ಹೊರಗೆ ತೆಗೆದು ದೂರ ಹಿಡಿದು, ತರಗತಿಯಲ್ಲಿ ಅಂಕ ಓದುವ ದನಿಯಲ್ಲಿ ಆರು ಸಂಖ್ಯೆಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಎದ್ದು, ಫೈಲು ಅಲ್ಲೇ ಬಿಟ್ಟು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತರು.

ಹತ್ತು ದಿನದ ಮೇಲೆ ಸೀಟಿನ ಪಟ್ಟಿ ಬಂತು. ಹುಡುಗಿಗೆ ಏಳನೆಯ ಸಾಲು, ಡೆಂಟಲ್ ಸಿಕ್ಕಿತು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ದೊಡ್ಡಪ್ಪನ ಫೋನು. ನೋಡಿದೆಯಾ, ನಾನು ಹೇಳಿದ್ದೇ ಆಯಿತು, ಲೆಕ್ಕ ಅಂದರೆ ಲೆಕ್ಕ ಎಂದರು. ದನಿಯಲ್ಲಿ ಗೆದ್ದ ಗತ್ತು. ಹದಿನಾರು ವರ್ಷದ ಹಿಂದಿನ ಮಾತು ಆ ಕಡೆಯಿಂದ ಬರುತ್ತದೇನೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಗಿರಾಕಿ ಇದ್ದಾರೆ ಎಂದು ಫೋನು ಇಟ್ಟಳು. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಸಂಜೆ ಹುಡುಗಿ ಒಬ್ಬಳೇ ಬಂದಳು. ಸೀಟಿನ ಪತ್ರ ಪ್ರಿಂಟು ಬೇಕಾಗಿತ್ತು. ಜೊತೆಗೆ ಈ ವರ್ಷದ ಕೊನೆಯ ರ‍್ಯಾಂಕಿನ ಪಟ್ಟಿಯೂ ಬೇಕೆಂದಳು. ಬೆಟ್ಟದ ಮೇಲಿನ ಕಾಲೇಜು ಐದು ಸಾವಿರದ ಏಳುನೂರ ತೊಂಬತ್ತಕ್ಕೆ ನಿಂತಿತ್ತು. ಹುಡುಗಿ ಬಾಯಲ್ಲೇ ಕಳೆದಳು.

"ಎಂಬತ್ತು ಅತ್ತೆ. ತಾತ ಇನ್ನೂರ ಅರವತ್ತು ಅಂದಿದ್ರು."

ಡೆಂಟಲ್ ಸೇರುತ್ತೀಯೋ, ಇನ್ನೊಂದು ಸಲ ಬರೆಯುತ್ತೀಯೋ ಎಂದು ಕೇಳಬೇಕೆಂದು ಫಾರಂ ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡಳು. ಹುಡುಗಿಯೇ, ಸೇರಲು ಇನ್ನೂ ನಾಲ್ಕು ದಿನ ಇದೆ, ಯೋಚನೆ ಮಾಡಿ ಮನೆಯಲ್ಲಿ ನಾನೇ ಹೇಳುತ್ತೇನೆ ಎಂದಳು. ಒಂದು ಪೆನ್ಸಿಲು ಕೇಳಿ ತೆಗೆದುಕೊಂಡು ಆ ಸಂಖ್ಯೆಗೆ ಸುತ್ತು ಹಾಕಿದಳು. ಸುತ್ತು ಸೊಟ್ಟಗಾಯಿತು.

ಫಾರಂ ಅಕ್ಕ ಎರಡು ಹಾಳೆಗಳನ್ನೂ ಜೋಡಿಸಿ ಪಿನ್ನು ಹೊಡೆದಳು. ಏಟು ಇನ್ನೂ ಪಕ್ಕದ ಅಂಗಡಿಗೆ ಕೇಳುವಷ್ಟೇ ಇತ್ತು.