ಮುಖವಿಲ್ಲದ ಕೀಪರ್

ನಾವೇ ಎದುರಿಗೆ ನಿಂತು ಮಣ್ಣು ಮಾಡಿ ಬಂದ ವಸ್ತು, ಕೆಲವು ತಿಂಗಳ ಮೇಲೆ ಹಡಗಲಿ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಮಂಡಕ್ಕಿ-ಮಿರ್ಚಿ ಪ್ಲೇಟಿನ ಪಕ್ಕ ಬಂದು ಕುಳಿತರೆ ನೀವೇನು ಮಾಡುತ್ತೀರಿ?

ನಾನು ಕಚ್ಚಿದ್ದ ಮಿರ್ಚಿಯನ್ನು ಹಾಗೇ ಕೆಳಗಿಟ್ಟೆ. ಖಾರ ನೆತ್ತಿಗೇರಿತ್ತು, ನೀರು ಕುಡಿಯುವುದು ಮರೆತುಹೋಯಿತು.

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಹುಚ್ಚು ಹೊಸದಲ್ಲ. ಹೊಸಬರಿಗಾಗಿ ಹೇಳುತ್ತೇನೆ. ಕೂಡ್ಲಿಗಿ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ವಾದ ಮಾಡುವ ಈ ತಲೆ ನರೆತ ಮನುಷ್ಯ ಕ್ರಿಕೆಟ್ ಕಾರ್ಡು ಕೂಡಿಡುತ್ತಾನೆ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದವಲ್ಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ದಪ್ಪ ಕಾಗದದ ಆಟಗಾರರ ಚಿತ್ರಗಳು, ಅವೇ. ಆ ಗಮ್ಮು ಮಾಡುತ್ತಿದ್ದವರು ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು. ಕಾರ್ಡುಗಳು ಮಾತ್ರ ಅಲ್ಲಲ್ಲಿ ಟ್ರಂಕಿನ ತಳದಲ್ಲಿ, ದೇವರ ಫೋಟೋದ ಹಿಂದೆ ಉಳಿದುಕೊಂಡಿವೆ. ("ಮಕ್ಕಳು ಆಡೋದು ಬಿಟ್ಟ ಮ್ಯಾಲ ಅಪ್ಪ ಸುರು ಮಾಡ್ಯಾನ" ಎಂಬುದು ನನ್ನ ಹೆಂಡತಿಯ ಕಾಯಂ ಡೈಲಾಗು.)

ನನ್ನಂಥವರು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯೂ ಇದ್ದಾರೆ. ಆಗಾಗ ಭಾನುವಾರ ಯಾವುದಾದರೊಂದು ಊರಿನ ಹೋಟೆಲಿನಲ್ಲಿ ಸೇರುತ್ತೇವೆ. ಟೇಬಲ್ಲಿನ ಮೇಲೆ ಆಲ್ಬಮ್ ಬಿಚ್ಚಿದರೆ ಮುಗಿಯಿತು, ಚಹಾ ತಣ್ಣಗಾದದ್ದೂ ಗೊತ್ತಾಗುವುದಿಲ್ಲ. ನಿನ್ನ ಓಪನರ್ ಕೊಡು, ನನ್ನ ಇಬ್ಬರು ಬೌಲರ್ ತಗೋ ಎಂದು ದನದ ಸಂತೆಯ ದಲ್ಲಾಳಿಗಳ ಹಾಗೆ ಚೌಕಾಶಿ ಮಾಡುತ್ತೇವೆ. ಆ ಖುಷಿ ಹೇಳಿದರೆ ಅರ್ಥವಾಗುವುದಲ್ಲ ಬಿಡಿ.

ತಮಾಷೆ ಏನು ಗೊತ್ತೇ? ದೊಡ್ಡ ದೊಡ್ಡ ಸ್ಟಾರ್‌ಗಳ ಕಾರ್ಡು ಬೇಕಾದಷ್ಟು ಸಿಗುತ್ತವೆ. ಎಲ್ಲರೂ ಜೋಪಾನ ಮಾಡಿದ್ದರು. ಸಿಗದೇ ಇರುವುದು ಎರಡೇ. ನೀರಿನ ಟ್ರೇ ಹಿಡಿದುಕೊಂಡು ನಿಂತ ಹನ್ನೆರಡನೇ ಆಟಗಾರ ಮತ್ತು ಬೆರಳು ಎತ್ತಿ ನಿಂತ ಅಂಪೈರ್. ಆಡದವನ ಕಾರ್ಡು ಯಾರಿಗೆ ಬೇಕು ಅಂತ ಅವತ್ತು ಎಲ್ಲರೂ ಚರಂಡಿಗೆ ಎಸೆದರು. ಇವತ್ತು ಅದೇ ಕಾರ್ಡಿಗಾಗಿ ಊರೂರು ತಿರುಗುತ್ತೇವೆ. ಮನೆಯಲ್ಲೂ, ಆಫೀಸಿನಲ್ಲೂ ಇದೇ ಕತೆಯಲ್ಲವೇ?

ಇರಲಿ, ವಿಷಯಕ್ಕೆ ಬರುತ್ತೇನೆ.

ನಮ್ಮ ಗುಂಪಿಗೆ ಹಿರಿಯ ಎಂದರೆ ವೀರಣ್ಣ. ಕೊಟ್ಟೂರಿನಲ್ಲಿ ಕಬ್ಬಿಣದ ಅಂಗಡಿ. ಮೊಳೆ, ಚಿಲಕ, ಸರಪಳಿಗಳ ನಡುವೆ ಕಾರ್ಡಿನ ಆಲ್ಬಮ್ ಇಟ್ಟುಕೊಂಡು ಕೂರುತ್ತಿದ್ದ. ಯಾವ ಕಾರ್ಡು ಕೈಗೆ ಕೊಟ್ಟರೂ ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದ. "ಇನ್ನೂ ಗಮ್ಮಿನ ವಾಸನಿ ಐತಲೇ ವಕೀಲಾ!" ಎಂದು ನಗುತ್ತಿದ್ದ. ಆಮೇಲೆಯೇ ನೋಡುವುದು. ನಮ್ಮ ಗುಂಪಿನ ನಿಯಮ ಮಾಡಿದ್ದೂ ಅವನೇ. ಕಾರ್ಡು ದುಡ್ಡಿಗೆ ಕೊಡುವಂತಿಲ್ಲ, ಪುಕ್ಕಟೆಯಾಗಿಯೂ ಕೊಡುವಂತಿಲ್ಲ. ಒಂದು ಕಾರ್ಡು ಹೋದರೆ ಒಂದು ಕಾರ್ಡು ಬರಲೇಬೇಕು.

ಅವನ ಬಳಿ ಇದ್ದ ರತ್ನವೆಂದರೆ ಮುಖವಿಲ್ಲದ ಕೀಪರ್. ಪ್ರೆಸ್ಸಿನಲ್ಲಿ ಆದ ತಪ್ಪು. ಗ್ಲೌಸ್ ಇದೆ, ಪ್ಯಾಡ್ ಇದೆ, ತಲೆ ಮೇಲೆ ಟೋಪಿ ಇದೆ. ಟೋಪಿಗೂ ಕಾಲರಿಗೂ ನಡುವೆ ಮಾತ್ರ ಬಣ್ಣವೇ ಬಿದ್ದಿಲ್ಲ, ಬರೀ ಬಿಳಿ. ಹೆಚ್ಚು ಹೊತ್ತು ನೋಡಿದರೆ ಆ ಬಿಳಿಯೇ ನಮ್ಮನ್ನು ನೋಡಿದಂತೆ ಆಗುತ್ತಿತ್ತು. ಯಾವುದೋ ಕಾಲದಲ್ಲಿ ಆಡೊಂದು ಅದರ ಒಂದು ಮೂಲೆ ತಿಂದಿತ್ತು. ಹಾಗಾಗಿ ಎಲ್ಲಿದ್ದರೂ ಗುರುತು ಹಿಡಿಯಬಹುದಿತ್ತು.

ನನಗೆ ಆ ಕೀಪರ್ ಬೇಕಿತ್ತು. ವೀರಣ್ಣನ ಸೆಟ್ಟಿನಲ್ಲಿ ಎರಡು ಜಾಗ ಖಾಲಿ, ಹನ್ನೆರಡನೇ ಆಟಗಾರನದು ಮತ್ತು ಅಂಪೈರನದು. ಈ ಸುತ್ತಮುತ್ತ ಅಂಪೈರ್ ಇದ್ದದ್ದು ನನ್ನ ಹತ್ತಿರ ಮಾತ್ರ.

"ಆ ಬೆರಳು ಎತ್ತಿದಾಂವನ್ನ ಕೊಡಲೇ. ಕೀಪರ್ ಒಂದು ಬಿಟ್ಟು ಏನರ ಕೇಳು" ಎನ್ನುತ್ತಿದ್ದ.

"ಕೀಪರ್ ಕೊಟ್ರ ಅಂಪೈರ್. ಇಲ್ಲಂದ್ರ ಇಲ್ಲ" ಎನ್ನುತ್ತಿದ್ದೆ.

ಇಬ್ಬರೂ ಬಗ್ಗಲಿಲ್ಲ. ಈ ಜಗ್ಗಾಟ ನಮಗೆ ರುಚಿಯಾಗಿಯೂ ಇತ್ತು. ಹಾಗಿರುವಾಗಲೇ ಒಂದು ಬೆಳಗ್ಗೆ ಅಂಗಡಿಯ ಶಟರ್ ಎತ್ತಲು ಹೋದ ವೀರಣ್ಣ ಅಲ್ಲೇ ಕುಸಿದ. ಮತ್ತೆ ಏಳಲಿಲ್ಲ.

ಪಡಸಾಲೆಯಲ್ಲಿ ಅವನನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಶಾಲು. ಅವನ ಹೆಂಡತಿ ಪಾರ್ವತಕ್ಕ ಆ ಕೀಪರ್ ಕಾರ್ಡನ್ನು ತಂದು ಅವನ ಅಂಗಿಯ ಜೇಬಿಗೆ ಇಟ್ಟರು. ಊರ ಹೊರಗೆ ಹಗರಿಬೊಮ್ಮನಹಳ್ಳಿ ರಸ್ತೆಯ ಪಕ್ಕ ಅವನದೇ ಹೊಲ. ಬೇವಿನ ಮರದ ಹತ್ತಿರ ಗುಂಡಿಯಲ್ಲಿ ಕೂಡಿಸಿ ಮಣ್ಣು ಎಳೆಯುವಾಗ, ಶಾಲಿನ ಸಂದಿನಲ್ಲಿ ಆಡು ತಿಂದ ಆ ಮೂಲೆ ನನಗೆ ಕಾಣುತ್ತಿತ್ತು. ಗೆಳೆಯ ಹೋದ ದುಃಖದಲ್ಲೂ ಅಯ್ಯೋ, ಕಾರ್ಡು ಮಣ್ಣುಪಾಲಾಯಿತಲ್ಲ ಅನ್ನಿಸಿತು. ಕೂಡಿಡುವವರ ಜಾತಿಯೇ ಇಂಥದ್ದು.

ಈಗ ಅದೇ ಕಾರ್ಡು ಹಡಗಲಿಯ ಹೋಟೆಲಿನಲ್ಲಿ! ಆಡು ತಿಂದ ಅದೇ ಮೂಲೆ. ಅಂಚಿನಲ್ಲಿ ಬೂದುಬಣ್ಣದ ಪುಡಿ. ವಿಭೂತಿಯೋ ಮಣ್ಣೋ, ಮುಟ್ಟಿ ನೋಡುವ ಧೈರ್ಯವಾಗಲಿಲ್ಲ.

ಅದನ್ನು ತಂದಿದ್ದವರು ಖಾದರ್ ಭಾಯಿ. ಹಡಗಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ನಮ್ಮ ಗುಂಪಿಗೆ ಹೊಸಬರು, ವೀರಣ್ಣನನ್ನು ನೋಡಿದವರೇ ಅಲ್ಲ.

"ಇದು ಎಲ್ಲಿ ಸಿಕ್ತು ಭಾಯಿ?"

"ಬಸ್ಸಿನಾಗ ಸರ್. ಗ್ಲಾಸು ತರಾಕ ಕೊಟ್ಟೂರಿಗೆ ಹೋಗಿದ್ದೆ. ವಾಪಸ್ ಬರಬೇಕಾದ್ರ ಸೀಟಿನಾಗ ಕುಂತು ಕಾರ್ಡು ತಿರುವಿ ಹಾಕಾಕತ್ತಿದ್ದೆ. ಬಾಜೂಕ ಒಬ್ಬರು ಯಜಮಾನ್ರು. ಅಂಥಾ ಬಿಸಿಲಾಗ ಶಾಲು ಹೊದ್ದಿದ್ರು ನೋಡ್ರಿ. ನನ್ನ ಹತ್ರ ಆ ನೀರಿನ ಟ್ರೇ ಹಿಡಿದಾಂವ ಇದ್ನಲ್ಲ, ಅವನ್ನ ಕಂಡ ಕೂಡ್ಲೇ ಕೈ ಚಾಚಿದ್ರು. ತಗಂಡು ಮೂಸಿ ನೋಡಿದ್ರು. ನಕ್ಕಿದ್ದು ಕೇಳಿಸ್ತು. ಆಮ್ಯಾಲ ಜೇಬಿನಿಂದ ಇದನ್ನ ತಗದು ನನ್ನ ಕೈಯಾಗಿಟ್ರು."

ನೋಡಲು ಹೇಗಿದ್ದರು ಎಂದು ಕೇಳಿದೆ.

ಖಾದರ್ ಭಾಯಿ ಹಣೆ ಉಜ್ಜಿಕೊಂಡರು. "ದಿನಾ ಮಂದಿ ಮುಖಕ್ಕ ಕಟ್ಟು ಹಾಕಾವ್ನು ನಾನು. ಒಮ್ಮಿ ನೋಡಿದ ಮುಖ ಮರಿಯಂಗಿಲ್ಲ. ಅದೇನೋ ಸರ್, ಇವರದು ಎಷ್ಟು ನೆನಸಿದ್ರೂ ಬರವಲ್ದು. ಶಾಲು ನೆನಪೈತಿ, ಕೈ ನೆನಪೈತಿ. ಮುಖದ ಜಾಗ ಬರೇ ಬೆಳ್ಳಗ."

"ಎಲ್ಲಿ ಇಳಿದ್ರು?"

"ಊರು ಬಿಟ್ಟು ಸ್ವಲ್ಪ ಮುಂದ ಒಂದು ಬೇವಿನ ಮರ ಬರ್ತೈತಲ್ರಿ, ಅಲ್ಲಿ. ಬಸ್ ನಿಂತಿದ್ದು ನನಗ ಗೊತ್ತಿಲ್ಲ. ಹೊಳ್ಳಿ ನೋಡ್ತೀನಿ, ಸೀಟು ಖಾಲಿ."

ನಾನು ವಕೀಲ. ದೆವ್ವವನ್ನು ಸಾಕ್ಷಿ ಕಟಕಟೆಗೆ ಕರೆಸಿದವನಲ್ಲ. ಯಾರೋ ಗುಂಡಿ ತೆಗೆದಿರಬೇಕು ಎಂದುಕೊಂಡು, ಕಾರ್ಡನ್ನು ಭಾಯಿಯ ಹತ್ತಿರವೇ ಬಿಟ್ಟು ಬಂದೆ. ಮರುದಿನ ಕೋರ್ಟಿಗೆ ರಜೆ ಇತ್ತು. ಸ್ಕೂಟರ್ ಹತ್ತಿ ಸೀದಾ ಆ ಹೊಲಕ್ಕೆ ಹೋದೆ.

ಮಟಮಟ ಮಧ್ಯಾಹ್ನ. ಮಣ್ಣಿನ ದಿಬ್ಬ ಒಣಗಿ ಬಿರುಕು ಬಿಟ್ಟಿತ್ತು, ಯಾರೂ ಕೆದಕಿರಲಿಲ್ಲ. ನಾವು ಮೇಲೆ ಹೊದಿಸಿದ್ದ ಜಾಲಿಮುಳ್ಳು ಹಾಗೇ ಇತ್ತು. ಮುಳ್ಳಿನ ತುಂಬ ಜೇಡ ಬಲೆ ಕಟ್ಟಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಒಂದು ಚೂರು ಗಾಳಿ ಇಲ್ಲ. ಆದರೆ ಎಲ್ಲಿಂದಲೋ ಸಿಹಿ ವಾಸನೆ ಬಂತು, ಗಮ್ಮಿನ ಹಾಗೆ. (ಬೇವು ಹೂ ಬಿಟ್ಟಿತ್ತು. ಹೂವಿನದೇ ಇರಬೇಕು. ಹಾಗಂತ ಎರಡು ಸಲ ಗಟ್ಟಿಯಾಗಿ ಹೇಳಿಕೊಂಡು ಸ್ಕೂಟರ್ ಒದ್ದೆ.)

ಪಾರ್ವತಕ್ಕನಿಗೆ ಏನೂ ಹೇಳಬಾರದು ಎಂದುಕೊಂಡೇ ಅಲ್ಲಿಂದ ಕೊಟ್ಟೂರಿನ ಅವರ ಮನೆಗೆ ಹೋದೆ. ಮಜ್ಜಿಗೆ ತಂದುಕೊಟ್ಟವರು ಎದುರಿಗೆ ಕೂತರು. ಕಣ್ಣ ಕೆಳಗೆ ಕಪ್ಪಾಗಿತ್ತು. ನಾನು ಲೋಟ ತುಟಿಗೆ ಇಡುವಷ್ಟರಲ್ಲಿ ಕೇಳಿದರು:

"ಇವರು ಎಲ್ಲ್ಯಾರ ಕಂಡ್ರೇನ್ರಿ?"

ಸಂತೆಗೆ ಹೋದ ಗಂಡ ಇನ್ನೂ ಬರಲಿಲ್ಲ ಎಂದು ವಿಚಾರಿಸುವ ಧಾಟಿಯಲ್ಲೇ ಕೇಳಿದರು.

"ಬಸ್‌ಸ್ಟ್ಯಾಂಡಿನಾಗ ಕಂಡ್ರು ಅಂತ ಒಬ್ಬರು ಹೇಳ್ತಾರ. ಅಂಗಡಿ ಮುಂದ ಕಂಡ್ರು ಅಂತ ಇನ್ನೊಬ್ಬರು. ಶಾಲು ನೋಡ್ಯಾರ, ಮುಖ ಯಾರಿಗೂ ಕಂಡಿಲ್ಲ. ನಮ್ಮಲ್ಲಿ ಕೂಡಿಸಿ ಮಣ್ಣು ಮಾಡ್ತೀವ್ರಿ. ಕುಂತ ಮನಿಷಾ ಕುಂತಿರಬೇಕಲ್ಲ? ಎದ್ದು ಬಸ್ ಹತ್ತಿದ್ರ ಹೆಂಗ? ನನಗ ಅಂಜಿಕಿ ಅಲ್ರಿ, ಸಂಕಟ. ಅವರಿಗೆ ಅಲ್ಲಿ ಸಮಾಧಾನ ಇಲ್ಲ ಅಂದ್ರ ನನಗಿಲ್ಲಿ ನಿದ್ದಿ ಹೆಂಗ ಹತ್ತೀತು?"

ಇನ್ನು ಮುಚ್ಚಿಡುವುದು ಏನಿತ್ತು? ಖಾದರ್ ಭಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಪಾರ್ವತಕ್ಕ ಎದ್ದು, ಸೊಂಟದ ಬೀಗದಕೈ ತೆಗೆದು, ಟ್ರಂಕು ತೆರೆದರು. ವೀರಣ್ಣ ಹೋದ ದಿನ ಹಾಕಿದ ಬೀಗ, ಆಮೇಲೆ ಮುಟ್ಟಿಲ್ಲ ಎಂದರು. ಆಲ್ಬಮ್ಮಿನ ಕೊನೆಯ ಪುಟ ಬಿಚ್ಚಿದರು.

ಹನ್ನೆರಡನೇ ಆಟಗಾರ ನೀರಿನ ಟ್ರೇ ಹಿಡಿದುಕೊಂಡು ತನ್ನ ಜಾಗದಲ್ಲಿ ನಿಂತಿದ್ದ.

ಪಾರ್ವತಕ್ಕ ಅಳಲಿಲ್ಲ, ಚೀರಲಿಲ್ಲ. ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇದು ಒಂದು ಉಳದೈತಿ. ನಿಮ್ಮತ್ರ ಐತಂತಲ್ರಿ, ಬೆರಳು ಎತ್ತಿದಾಂವ? ಊಟಕ್ಕ ಕುಂತಾಗೆಲ್ಲ ಅದೇ ಮಾತು. ಅಂವ ಬಂದು ಬೆರಳು ಎತ್ತಿದ್ರ ನನ್ನ ಆಟ ಮುಗೀತು ಅಂತಿದ್ರು."

ಕೊಡುತ್ತೇನೆ ಎಂದು ಹೇಳಿ ಕೂಡ್ಲಿಗಿಗೆ ಬಂದೆ. ಬಂದ ಮೇಲೆ ಮನಸ್ಸು ಹಿಂದೆ ಮುಂದೆ ನೋಡಿತು. ನನ್ನ ಆಲ್ಬಮ್ಮಿನಲ್ಲಿ ಬೆಲೆಬಾಳುವುದು ಅಂತ ಇರುವುದೇ ಆ ಒಂದು ಕಾರ್ಡು. ಅದು ಹೋದರೆ ಭಾನುವಾರದ ಟೇಬಲ್ಲಿನಲ್ಲಿ ನನ್ನನ್ನು ಯಾರು ಮಾತಾಡಿಸುತ್ತಾರೆ? ಒಂದು ವಾರ ಹೀಗೇ ತಳ್ಳಿದೆ. ಕೊನೆಗೆ ಹೆಂಡತಿಯೇ ಬೈದಳು. "ಆ ಹೆಣ್ಮಗಳು ನಿದ್ದಿ ಬಿಟ್ಟು ಕುಂತಾಳ. ನಿಮಗ ಒಂದು ಕಾಗದದ ಚೂರು ಹೆಚ್ಚಾತೇನು?"

ನಾಚಿಕೆಯಾಯಿತು. ಅವತ್ತೇ ಹೋಗಿ, ನನ್ನ ಕೈಯಾರೆ ಅಂಪೈರನನ್ನು ಆ ಖಾಲಿ ಜಾಗಕ್ಕೆ ಸೇರಿಸಿದೆ. ಸೆಟ್ಟು ಪೂರ್ತಿಯಾಯಿತು. ವೀರಣ್ಣ ಇದ್ದಿದ್ದರೆ ಅಂಗಡಿಯವರಿಗೆಲ್ಲ ಚಹಾ ಕುಡಿಸುತ್ತಿದ್ದ. ಅದನ್ನು ನೆನೆದು ನನಗೇ ಅಳು ಬಂತು.

ಪಾರ್ವತಕ್ಕ ಆಲ್ಬಮ್ಮನ್ನು ನನ್ನ ಮುಂದೆ ತಳ್ಳಿದರು. "ಬದಲಿ ಏನರ ತಗೋರಿ. ಪುಕ್ಕಟಿ ಇಟ್ಕಳ್ಳಾವರಲ್ಲ ಅವರು."

"ಇರಲಿ ಬಿಡಕ್ಕ" ಎಂದೆ.

"ನೀವು ಬಿಟ್ರೂ ಅವರು ಬಿಡಂಗಿಲ್ರಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ದಿನದಿಂದ ಶಾಲು ಹೊದ್ದವರನ್ನು ಕಂಡೆ ಎಂದು ಕೊಟ್ಟೂರಿನಲ್ಲಿ ಯಾರೂ ಹೇಳಿಲ್ಲವಂತೆ. "ನಿದ್ದಿ ಹತ್ತೈತ್ರಿ" ಎಂದು ಪಾರ್ವತಕ್ಕ ಫೋನಿನಲ್ಲಿ ಹೇಳಿದಾಗ ನನಗೂ ನಿರಾಳವಾಯಿತು. ಕತೆ ಮುಗಿಯಿತು ಎಂದುಕೊಂಡೆ.

ಮೊನ್ನೆ ಕೋರ್ಟಿನ ಹೊರಗೆ ನಿಂತಿದ್ದಾಗ ಖಾದರ್ ಭಾಯಿ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿತ್ತು.

"ಸರ್, ಸಿಟ್ಟಾಗಬ್ಯಾಡ್ರಿ. ನನ್ನ ಕೀಪರ್ ಕಾರ್ಡು ನೀವೇನರ ತಗಂಡೀರೇನು? ಆಲ್ಬಮ್ಮಿನಾಗ ಇಲ್ಲ. ಆ ಜಾಗದಾಗ ಯಾರೋ ಒಂದು ಹಳೇ ಓಪನರ್ ಕಾರ್ಡು ಇಟ್ಟು ಹೋಗ್ಯಾರ. ನನ್ನದಲ್ಲ ಅದು. ಮೂಸಿ ನೋಡಿದ್ರ ಇನ್ನೂ ಗಮ್ಮಿನ ವಾಸನಿ ಐತ್ರಿ!"

ನಾನು ತಗೊಂಡಿಲ್ಲ ಎಂದೆ. ನಿಜವಾಗಿಯೂ ತಗೊಂಡಿಲ್ಲ. ಆ ಭಾನುವಾರದ ಮೇಲೆ ಹಡಗಲಿ ಕಡೆ ತಲೆ ಹಾಕಿಯೂ ಮಲಗಿಲ್ಲ.

ಅಂಪೈರನನ್ನು ತೆಗೆದ ಮೇಲೆ ನನ್ನ ಆಲ್ಬಮ್ಮನ್ನು ಅಲ್ಮೇರಾದ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಒಂದು ಜಾಗ ಖಾಲಿ. ಖಾಲಿ ಇರಬೇಕು. ಇದನ್ನು ಬರೆಯುತ್ತಿರುವ ಕುರ್ಚಿಯಿಂದ ಅದು ಕಾಣುತ್ತಿದೆ, ಈ ಸುಡು ಮಧ್ಯಾಹ್ನದಲ್ಲಿ ಕೋಣೆಯೊಳಗೆ ಒಂದು ಸಿಹಿ ವಾಸನೆಯೂ ಇದೆ. (ನಮ್ಮ ಮನೆಯ ಹತ್ತಿರ ಬೇವಿನ ಮರವಿಲ್ಲ.)

ನಾನಿನ್ನೂ ಅದನ್ನು ತೆಗೆದು ನೋಡಿಲ್ಲ. ನೀವಾಗಿದ್ದರೆ ನೋಡುತ್ತಿದ್ದಿರಾ?